'ಅದು' ಹೋಗಿ 'ಅವರು' ಆದ ಕಥೆ

ಲಿನಕ್ಸ್ ಬಳಸುವವರನ್ನು 'ನಿಮ್ಮದು ಯಾವ ಡೆಸ್ಕ್‌ಟಾಪ್?' ಎಂದು ಕೇಳಿ ನೋಡಿ. 'ಕೆಡಿಇ' ಎನ್ನುವವರು ಇಂದಿಗೂ ಬಹಳ ಮಂದಿ ಸಿಗುತ್ತಾರೆ. ಆದರೆ 2009ರ ನವೆಂಬರ್‌ನಲ್ಲಿಯೇ ಆ ಯೋಜನೆಯವರು ತಮ್ಮ ಹೆಸರಿನ ಅರ್ಥ ಬದಲಿಸಿದ್ದಾರೆ. ಅಂದಿನಿಂದ ಕೆಡಿಇ ಎಂದರೆ ತಂತ್ರಾಂಶ ಕಟ್ಟುವ ಜನ. ಅವರು ಕಟ್ಟುವ ಡೆಸ್ಕ್‌ಟಾಪ್ ಪ್ಲಾಸ್ಮಾ. ಕನ್ನಡದಲ್ಲಿ ಹೇಳುವುದಾದರೆ, ಕೆಡಿಇ ಎಂಬ 'ಅದು' ಅಂದು 'ಅವರು' ಆಯಿತು. ಬಳಸುವವರಿಗೆ ಇದರಿಂದ ಗೊಂದಲವಾದದ್ದು ನಿಜ. ಆದರೂ ಕೆಡಿಇಯವರು ಮಾಡಿದ್ದೇ ಸರಿ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮತ್ತಿಯಾಸ್ ಎಟ್ರಿಶ್ 1996ರ ಅಕ್ಟೋಬರ್‌ನಲ್ಲಿ ಈ ಕೆಲಸಕ್ಕೆ ಕೈಹಾಕಿದಾಗ ಇಟ್ಟ ಹೆಸರು 'ಕೂಲ್ (Kool) ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್'. ಯುನಿಕ್ಸ್ ಗಣಕಗಳಲ್ಲಿ ಆಗ ಇದ್ದ 'ಕಾಮನ್ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್' ಎಂಬ ಹೆಸರಿನ ಮೇಲಿನ ಆಟ ಅದು. 'ಕೂಲ್' ಬಲುಬೇಗ ಕಳಚಿಬಿದ್ದು ಕೆ ಬರೀ ಅಕ್ಷರವಾಗಿ ಉಳಿಯಿತು. ಡೆಸ್ಕ್‌ಟಾಪಿನ ಜೊತೆಗೆ ಚಿತ್ರ ಬಿಡಿಸುವ ಕ್ರಿಟಾ, ವಿಡಿಯೊ ಸಂಕಲಿಸುವ ಕೆಡೆನ್‌ಲೈವ್ ಬೆಳೆದವು. ವಿಂಡೋಸ್‌ನಲ್ಲಿ ಕ್ರಿಟಾ ತೆರೆದು ಕೂತ ಕಲಾವಿದೆಗೆ 'ಡೆಸ್ಕ್‌ಟಾಪ್' ಎಂಬ ಹೆಸರಿನಿಂದ ಏನು ತಿಳಿದೀತು? ಬೆಳೆದ ಮಗುವಿಗೆ ತೊಟ್ಟಿಲ ಅಂಗಿ ಹಿಡಿಸದಾಯಿತು.

ಇದಕ್ಕಿಂತ ಆಳವಾದ ಕಾರಣ ಇನ್ನೊಂದಿದೆ. ಮುಕ್ತ ತಂತ್ರಾಂಶದ ಕೋಡನ್ನು ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು. ಕೆಡಿಇಯವರು ತಮ್ಮ ಕಾಂಕರರ್ ಬ್ರೌಸರಿಗಾಗಿ ಬರೆದ, ವೆಬ್ ಪುಟ ಮೂಡಿಸುವ ಕೆಎಚ್‌ಟಿಎಂಎಲ್ ಕೋಡನ್ನು ಆಪಲ್ ಆರಿಸಿಕೊಂಡಿತು. 2003ರಲ್ಲಿ ಅದರ ಮೇಲೆ ಕಟ್ಟಿದ ಸಫಾರಿ ಬ್ರೌಸರ್ ಬಂತು. ಅದೇ ಕೋಡ್ ವೆಬ್‌ಕಿಟ್ ಆಯಿತು, 2013ರಲ್ಲಿ ವೆಬ್‌ಕಿಟ್‌ನಿಂದ ಗೂಗಲ್‌ನ ಬ್ಲಿಂಕ್ ಕವಲೊಡೆಯಿತು. ಇಂದು ನಾವು ಕ್ರೋಮ್‌ನಲ್ಲಿ ತೆರೆಯುವ ಪ್ರತಿ ಪುಟದ ಹಿಂದೆ ಆ ವಂಶವಿದೆ, ಹೆಸರಿಲ್ಲ. ಇದರಲ್ಲಿ ಮೋಸವೇನೂ ಇಲ್ಲ. ಪರವಾನಗಿ ಕೊಟ್ಟ ಸ್ವಾತಂತ್ರ್ಯವೇ ಅದು. ಆದರೆ ಎಲ್ಲವನ್ನೂ ಹಂಚಿಬಿಟ್ಟವರ ಬಳಿ ತಮ್ಮದೆಂದು ಉಳಿಯುವುದು ಹೆಸರೊಂದೇ. ಅದಕ್ಕಾಗಿ ವಾದಿಸುವುದನ್ನು ಹಟ ಎಂದು ತಳ್ಳಿಹಾಕಬಾರದು.

ಹೆಸರು ಬೇರೆಯವರ ಕೈಯಲ್ಲಿದ್ದರೆ ಏನಾಗುತ್ತದೆಂಬುದನ್ನು 2010ರಲ್ಲಿ ಕಂಡೆವು. ಓಪನ್ ಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶದ ಹೆಸರು ಒರೇಕಲ್ ಕಂಪನಿಯ ಸ್ವತ್ತಾಗಿತ್ತು. ವರ್ಷಗಟ್ಟಲೆ ಅದಕ್ಕೆ ದುಡಿದವರು ಸೆಪ್ಟೆಂಬರ್‌ನಲ್ಲಿ ಬೇರೆಯಾದಾಗ ಕೋಡ್ ಜೊತೆಗೆ ಬಂತು, ಹೆಸರು ಬರಲಿಲ್ಲ. ಲಿಬ್ರೆ ಆಫೀಸ್ ಎಂಬ ಹೊಸ ಹೆಸರನ್ನು ಅವರು ಜನರ ಬಾಯಿಗೆ ಮೊದಲಿನಿಂದ ರೂಢಿಸಬೇಕಾಯಿತು. ಕೆಲಸಗಾರರು ಹೋದ ಮೇಲೆ ಹಳೆಯ ಹೆಸರು ಸೊರಗಿತು. ಹೆಸರಿಗೆ ಜೀವ ಕೊಡುವುದು ಜನ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅದಕ್ಕೇ ಕೆಡಿಇಯವರ ತೀರ್ಮಾನ ನನಗೆ ದೊಡ್ಡದಾಗಿ ಕಾಣುತ್ತದೆ. ಕೋಡ್ ಬರೆದವರಷ್ಟೇ ಅಲ್ಲ, ದೋಷ ಹುಡುಕಿ ತಿಳಿಸಿದವರು, ಕೈಪಿಡಿ ಬರೆದವರು, ಮೆನುಗಳಲ್ಲಿ ಕನ್ನಡ ಮೂಡುವಂತೆ ಒಂದೊಂದೇ ಸಾಲು ಅನುವಾದಿಸಿದವರು ಎಲ್ಲರೂ ಆ ಹೆಸರಿನೊಳಗೆ ಬರುತ್ತಾರೆ. ಹಾಗಾಗಿ ಬಳಸುವ ನಾವು ಇಷ್ಟಾದರೂ ಮಾಡೋಣ: 'ಕೆಡಿಇ ಚೆನ್ನಾಗಿದೆ' ಎನ್ನುವ ಬದಲು 'ಕೆಡಿಇಯವರು ಚೆನ್ನಾಗಿ ಮಾಡಿದ್ದಾರೆ' ಎನ್ನೋಣ.