ನೆಲದ ಹಾಸು ಮನೆಗೆ ಒಪ್ಪಬೇಕು

ದ್ರಾಕ್ಷಿ, ದಾಳಿಂಬದ ಹಣ ಕೈಗೆ ಬಂದ ವರ್ಷ ನಮ್ಮ ಜತ್ತ ತಾಲೂಕಿನ ರೈತನು ಮೊದಲು ಕೈಹಾಕುವ ಕೆಲಸವೆಂದರೆ ಮನೆಯ ನೆಲ. ಅಜ್ಜನ ಕಾಲದ ಫರಸಿಯನ್ನು ಕಿತ್ತು ಹಿತ್ತಲಿಗೆ ಹಾಕುತ್ತಾನೆ. ಸಾಂಗಲಿಗೋ ವಿಜಯಪುರಕ್ಕೋ ಹೋಗಿ, ಅಂಗಡಿಯ ಹಲಗೆಗೆ ಅಂಟಿಸಿದ ನಮೂನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುವುದನ್ನು ಆರಿಸಿ ಟೆಂಪೊ ತುಂಬಿ ತರುತ್ತಾನೆ. ಕೃಷಿಯ ಪುಟದಲ್ಲಿ ಟೈಲ್ಸಿನ ಮಾತೇಕೆಂದು ವಾಚಕರು ಕೇಳಬಹುದು. ಪೇಟೆಯವನ ಮನೆಯ ನೆಲ ಕೂಡಲಿಕ್ಕೆ, ನಡೆಯಲಿಕ್ಕೆ ಮಾತ್ರ. ರೈತನ ಮನೆಯ ನೆಲದ ಮೇಲೆ ಜೋಳದ ಚೀಲ ಎಳೆಯುತ್ತಾರೆ, ಸುಗ್ಗಿಯಲ್ಲಿ ಕಾಳು ಹರವುತ್ತಾರೆ, ಹೊಲದ ಕೆಸರುಗಾಲಿನಲ್ಲಿಯೇ ಒಳಗೆ ಬರುತ್ತಾರೆ. ನೆಲವೂ ನಮಗೆ ಒಂದು ಒಕ್ಕಲುತನದ ಸಾಧನ. ಅದನ್ನು ಎತ್ತು ಕೊಳ್ಳುವಷ್ಟೇ ವಿಚಾರ ಮಾಡಿ ಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಪರರಿಗೆ ಉಪದೇಶ ಮಾಡುವ ಮೊದಲು ನಮ್ಮ ತಪ್ಪನ್ನು ನಾವೇ ಹೇಳಿಬಿಡುವುದು ಮೇಲು. 2019ರಲ್ಲಿ ದಾಳಿಂಬದ ಹಣಕ್ಕೆ ಅಷ್ಟಿಷ್ಟು ಸಾಲ ಕೂಡಿಸಿ ನಾವು ಪಡಸಾಲೆಗೆ ಬಿಳಿಯ ಹೊಳಪಿನ ಟೈಲ್ಸ್ ಹಾಕಿಸಿದೆವು. “ಮಾಸ್ತರ್ರೀ, ಈಗ ಎಲ್ಲಾರೂ ಓರೆ ಹಾಕಸ್ತಾರ್ರಿ, ಮನೀ ದೊಡ್ಡದು ಕಾಣತೈತಿ” ಎಂದು ಗೌಂಡಿ ಹೇಳಿದ. ನಾವು ಹೂಂ ಅಂದೆವು. ಕೆಲಸ ಮುಗಿದಾಗ ಮೂಲೆಯಲ್ಲಿ ಮೂರು ಬುಟ್ಟಿ ತುಂಡುಗಳು ಉಳಿದವು. ಅದು ಹೋಗಲಿ. ಮುಂದಿನ ವರ್ಷ ಮೊದಲ ಮಳೆಗೆ ನಮ್ಮ ಅವ್ವ ಕೊಟ್ಟಿಗೆಯಿಂದ ಒದ್ದೆಗಾಲಿನಲ್ಲಿ ಒಳಗೆ ಬಂದವರು ಜಾರಿ ಬಿದ್ದರು. ಸೊಂಟದ ಎಲುಬು ಮುರಿಯಿತು. ಮಿರಜದಲ್ಲಿ ಶಸ್ತ್ರಕ್ರಿಯೆಯಾಯಿತು. ನೆಲಕ್ಕೆ ಹಾಕಿದ್ದಕ್ಕಿಂತ ಹೆಚ್ಚು ಹಣ ಅಲ್ಲಿ ಹೋಯಿತು. ಈಗ ಅವರು ಗೋಡೆ ಹಿಡಿದು ನಡೆಯುತ್ತಾರೆ. “ತಮ್ಮಾ, ಕನ್ನಡಿ ಮ್ಯಾಲೆ ಯಾರರೆ ನಡೀತಾರೇನು?” ಎಂದು ಅವರು ಒಮ್ಮೆ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ತಪ್ಪು ಅಂಗಡಿಯವನದಲ್ಲ, ಗೌಂಡಿಯದೂ ಅಲ್ಲ. ನೆಲ ಹೇಗೆ ಕಾಣುತ್ತದೆಂದು ನಾವು ಕೇಳಿದೆವು. ಅದರ ಮೇಲೆ ಯಾರು ನಡೆಯುತ್ತಾರೆಂದು ಕೇಳಲಿಲ್ಲ.

ಆದ್ದರಿಂದ ಮೊದಲನೆಯ ಮಾತು ಜಾರಿಕೆಯದು. ಟೈಲ್ಸಿಗೆ ಆರ್ 9ರಿಂದ ಆರ್ 13ರ ವರೆಗೆ ಹಿಡಿತದ ದರ್ಜೆಗಳಿವೆ. ಅಂಕೆ ಹೆಚ್ಚಿದಷ್ಟು ಕಾಲಿಗೆ ಹಿಡಿತ ಹೆಚ್ಚು. ಪೆಟ್ಟಿಗೆಯ ಮೇಲೆ ದರ್ಜೆ ಬರೆದಿರದಿದ್ದರೆ ಅಂಗಡಿಯಲ್ಲಿಯೇ ಒಂದು ಟೈಲ್ಸನ್ನು ನೆಲಕ್ಕಿರಿಸಿ, ನೀರು ಚಿಮುಕಿಸಿ, ಬರಿಗಾಲಿನಿಂದ ಮೆಲ್ಲಗೆ ಒತ್ತಿ ಸರಿಸಿ ನೋಡಿರಿ. ಬಚ್ಚಲಿಗೆ ಒರಟು ಮೈಯ ಚಿಕ್ಕ ಟೈಲ್ಸೇ ಯೋಗ್ಯ. ಅದಕ್ಕೆ ಎರಡು ಕಾರಣಗಳಿವೆ. ಚಿಕ್ಕವುಗಳಲ್ಲಿ ಸಂದು ಹೆಚ್ಚು, ಸಂದು ಹೆಚ್ಚಿದಷ್ಟು ಕಾಲು ನಿಲ್ಲುತ್ತದೆ. ಎರಡನೆಯದಾಗಿ, ನೀರು ಮೋರಿಗೆ ಹರಿಯಲು 5 ಅಡಿಗೆ 1 ಅಂಗುಲದಷ್ಟಾದರೂ ಇಳಿಜಾರು ಬೇಕು. ನಾಲ್ಕೂ ಕಡೆಯಿಂದ ಬರುವ ಇಳಿಜಾರಿಗೆ ಚಿಕ್ಕ ಟೈಲ್ಸ್ ಬಾಗಿಕೊಳ್ಳುತ್ತವೆ, ದೊಡ್ಡವನ್ನು ಕತ್ತರಿಸಬೇಕಾಗುತ್ತದೆ.

ಇನ್ನು ಹಾಸಿನ ನಮೂನೆ. ಇದು ನಾವು ಶಾಲೆಯಲ್ಲಿ ಕಲಿಸುವ ಭೂಮಿತಿಯೇ. ಒಂದು ಬಿಂದುವಿನ ಸುತ್ತ 360 ಅಂಶ. ಚೌಕದ ಮೂಲೆ 90, ನಾಲ್ಕು ಚೌಕ ಕೂಡಿದರೆ ಸರಿಹೋಯಿತು. ಷಟ್ಕೋನದ ಮೂಲೆ 120, ಮೂರು ಸಾಕು. ಸಮಪಂಚಕೋನದ ಮೂಲೆ 108. ಎಷ್ಟು ಕೂಡಿಸಿದರೂ ಸಂದು ಬಿಡುತ್ತದೆ. ಅದಕ್ಕಾಗಿಯೇ ಅಂಗಡಿಯಲ್ಲಿ ಅಂಥ ಟೈಲ್ಸ್ ಕಾಣುವುದಿಲ್ಲ.

10 ಅಡಿ ಅಗಲ, 12 ಅಡಿ ಉದ್ದದ ಕೋಣೆಯೊಂದನ್ನು ತೆಗೆದುಕೊಳ್ಳೋಣ. 2 ಅಡಿಯ ಚೌಕ ಟೈಲ್ಸನ್ನು ಗೋಡೆಗೆ ಸಮವಾಗಿ ಸಾಲುಸಾಲು ಹಾಸಿದರೆ ಐದಾರಲೆ 30. ಕತ್ತರಿಸುವ ಕೆಲಸ ಇಲ್ಲವೆನ್ನುವಷ್ಟು ಕಡಿಮೆ. ಒಡೆದದ್ದಕ್ಕೆಂದು ಒಂದೆರಡು ಹೆಚ್ಚಿಗೆ ತಂದರೆ ಆಯಿತು. ಅದೇ ಕೋಣೆಗೆ ಓರೆ ಹಾಸಿದರೆ ನಾಲ್ಕೂ ಗೋಡೆಗಳ ಬುಡದಲ್ಲಿ ತ್ರಿಕೋನ ಕತ್ತರಿಸಬೇಕು. ನೂರಕ್ಕೆ 10ರಿಂದ 15ರಷ್ಟು ಟೈಲ್ಸ್ ಹೆಚ್ಚಿಗೆ ಹಿಡಿಯಬೇಕು, ಕೂಲಿಯೂ ಹೆಚ್ಚು. ಜಡೆ ಹೆಣೆದಂತೆ ಉದ್ದ ತುಂಡುಗಳನ್ನು ಹಾಸುವ ನಮೂನೆಯ ಲೆಕ್ಕವೂ ಹೀಗೆಯೇ.

ಹಾಗಾದರೆ ಓರೆ ಹಾಸು ಎಲ್ಲಿಯೂ ಬೇಡವೇ? ಹಾಗೆಂದರೆ ಅನ್ಯಾಯವಾದೀತು. ಮಣ್ಣಿನ ಮಾಳಿಗೆಯ ಹಳೆಯ ಮನೆಗಳಲ್ಲಿ ಕೋಣೆಯ ಮೂಲೆಗಳು ಸರಿಯಾದ ಕಾಟಕೋನದಲ್ಲಿರುವುದು ಅಪರೂಪ. ಮೂಲೆಯಿಂದ ಒಂದು ಗೋಡೆಗುಂಟ 3 ಅಡಿ, ಇನ್ನೊಂದು ಗೋಡೆಗುಂಟ 4 ಅಡಿ ಗುರುತು ಮಾಡಿ ನಡುವಿನ ಅಂತರ ಅಳೆಯಿರಿ. 5 ಅಡಿ ಬಂದರೆ ಮೂಲೆ ನೆಟ್ಟಗಿದೆ. ಬಾರದಿದ್ದರೆ ಗೋಡೆ ಸೊಟ್ಟಗಿದೆ. ಸೊಟ್ಟ ಕೋಣೆಯಲ್ಲಿ ಸಾಲು ಹಾಸು ಗೋಡೆಯ ಸೊಟ್ಟವನ್ನು ಎತ್ತಿ ತೋರಿಸುತ್ತದೆ. ಓರೆ ಹಾಸು ಮರೆಸುತ್ತದೆ. ಅಲ್ಲಿ ಆ ಖರ್ಚಿಗೆ ಅರ್ಥವಿದೆ. ನಮ್ಮ ಪಡಸಾಲೆಯ ಮೂಲೆಗಳು ನೆಟ್ಟಗಿದ್ದವು. ನಾವು ಖರ್ಚು ಮಾಡಿದ್ದು ಬರಿಯ ಅನುಕರಣೆಗಾಗಿ.

ನಮ್ಮ ಹಿರಿಯರು ಬಲ್ಲ ಹಾಸು ಬೇರೊಂದಿತ್ತು. ಕಲಬುರಗಿ ಸೀಮೆಯ ಶಹಾಬಾದದಿಂದ ಬರುವ ಫರಸಿಯು ಪದರು ಪದರಾಗಿ ಏಳುವ ಸುಣ್ಣಗಲ್ಲು. ಅಗಲ ಒಂದೇ ಇದ್ದು ಉದ್ದ ಹೆಚ್ಚುಕಡಿಮೆ ಇರುವ ಕಲ್ಲುಗಳನ್ನು ಒಂದು ಸಾಲಿಗೆ ಹಾಕಿ, ಮುಂದಿನ ಸಾಲಿನ ಕೂಡು ತಪ್ಪಿಸಿ, ಇಟ್ಟಿಗೆಯ ಗೋಡೆಯಂತೆ ಹಾಸುತ್ತಿದ್ದರು. ನಾಲ್ಕು ಮೂಲೆಗಳು ಒಂದೇ ಕಡೆ ಕೂಡದ್ದರಿಂದ ಅಳತೆಯ ಸಣ್ಣ ದೋಷ ಕಣ್ಣಿಗೆ ಬೀಳುವುದಿಲ್ಲ. ಪಡಸಾಲೆಗೆ, ಚೀಲ ಒಟ್ಟುವ ಕೋಣೆಗೆ, ಕಟ್ಟೆಗೆ ಇದಕ್ಕಿಂತ ಒಪ್ಪುವ ಹಾಸು ನಮಗೆ ಕಂಡಿಲ್ಲ. ಅಡಿಗೆಮನೆಯಲ್ಲಿ ಮಾತ್ರ ಹುಣಿಸೆ, ನಿಂಬೆಯ ಹುಳಿ ಬಿದ್ದಲ್ಲಿ ಸುಣ್ಣಗಲ್ಲಿಗೆ ಕಲೆಯಾಗುತ್ತದೆ. ಅಲ್ಲಿ ಹೊಳಪಿಲ್ಲದ ಟೈಲ್ಸ್ ಹಾಕಿದರೆ ತಪ್ಪಿಲ್ಲ. ಈಗ ಬರುವ 4 ಅಡಿ ಉದ್ದದ ಟೈಲ್ಸನ್ನು ಕೂಡು ತಪ್ಪಿಸಿ ಹಾಸುವವರು ಅರ್ಧಕ್ಕೆ ತಪ್ಪಿಸದೆ ಮೂರನೆಯ ಒಂದು ಪಾಲಿಗೆ ತಪ್ಪಿಸಲಿ. ಉದ್ದ ಟೈಲ್ಸಿನ ನಡು ತುಸು ಉಬ್ಬಿರುವುದುಂಟು. ಒಂದರ ನಡುವಿಗೆ ಇನ್ನೊಂದರ ತುದಿ ಬಂದರೆ ಬೆರಳಿಗೆ ಎಡವುತ್ತದೆ.

ದೊಡ್ಡ ಚೌಕದ ಪಡಸಾಲೆಯುಳ್ಳವರು ಅಂಚು ಕಟ್ಟುವ ನಮೂನೆಯನ್ನು ಯೋಚಿಸಬಹುದು. ಸ್ವದೇಶಿಯ ದಿನಗಳಲ್ಲಿ, 1922ರಲ್ಲಿ, ಮುಂಬಯಿಯಲ್ಲಿ ಭಾರತ ಫ್ಲೋರಿಂಗ್ಸ್ ಎಂಬ ಕಾರಖಾನೆ ಹುಟ್ಟಿ ಬಣ್ಣದ ಸಿಮಿಟಿನ ಟೈಲ್ಸ್ ಮಾಡತೊಡಗಿತು. ಅಂಥ ಹಳೆಯ ನೆಲಗಳಲ್ಲಿ ನಡುವೆ ಜಮಖಾನೆಯಂತೆ ಚಿತ್ರ, ಸುತ್ತ ಸೀರೆಯ ಸೆರಗಿನಂತೆ ಅಂಚು ಇರುವುದನ್ನು ನೋಡಬಹುದು. ಆದರೆ ಸಣ್ಣ ಕೋಣೆಗೆ ಅಂಚು ಕಟ್ಟಿದರೆ ಕೋಣೆ ಇನ್ನೂ ಸಣ್ಣದಾಗಿ ಕಾಣುತ್ತದೆ. ಕರಿ ಬಿಳಿ ಚೌಕಗಳ ಪಗಡೆ ಹಾಸಿಗೂ ಇದೇ ಮಾತು.

ಉಳಿದ ತುಂಡುಗಳನ್ನು ಚೆಲ್ಲಬೇಡಿರಿ. ಹಳೆಯ ಸೀರೆಯ ಚೂರುಗಳಿಂದ ಹೆಂಗಸರು ಕೌದಿ ಹೊಲಿಯುವಂತೆ, ಬಿಳಿಯ ತುಂಡುಗಳನ್ನು ಸಿಮಿಟಿನಲ್ಲಿ ಕೂಡಿಸಿ ಸ್ಲ್ಯಾಬಿನ ಮೇಲೆ ಹಾಸಬಹುದು. ಬಿಳಿಯ ಮೈ ಬಿಸಿಲನ್ನು ಹಿಂದಕ್ಕೆ ಅಟ್ಟುವುದರಿಂದ ನಮ್ಮ ಕಡೆಯ ಏಪ್ರಿಲ್ ಮೇ ತಿಂಗಳಲ್ಲಿ ಕೆಳಗಿನ ಕೋಣೆ ತಂಪಾಗಿರುತ್ತದೆ. ನಮ್ಮ ಮೂರು ಬುಟ್ಟಿಗಳು ಕಡೆಗೆ ಹೀಗೆಯೇ ಸಾರ್ಥಕವಾದವು.

“ಹಳ್ಳಿಯವರಿಗೆ ಚೆಲುವು ಬೇಡವೇ? ಪೇಟೆಯವರಂತೆ ನಾವೂ ಇರಬಾರದೇ?” ಎಂದು ತರುಣರು ಕೇಳುತ್ತಾರೆ. ಕೇಳತಕ್ಕ ಮಾತೇ. ಬರಗಾಲ ಕಂಡ ಸೀಮೆಯವರಿಗೆ ಮನೆಯೊಂದು ಚೆಂದಾಗಲೆಂಬ ಆಸೆ ಸಹಜ. ಆದರೆ ಚೆಲುವು ಹೊಳಪಿನಲ್ಲಿಯೇ ಇರಬೇಕೇ? ನಮ್ಮ ಹೆಣ್ಣುಮಕ್ಕಳು ದಿನವೂ ಬಾಗಿಲ ಮುಂದೆ ಚುಕ್ಕೆ ಇಟ್ಟು ರಂಗೋಲಿ ಬರೆಯುತ್ತಾರೆ. ಕರಿಯ ಒರಟು ಫರಸಿಯ ಮೇಲೆ ಅದು ಎದ್ದು ಕಾಣುತ್ತದೆ. ನುಣುಪಾದ ಬಿಳಿಯ ಟೈಲ್ಸಿನ ಮೇಲೆ ಪುಡಿ ನಿಲ್ಲುವುದಿಲ್ಲ, ಎಳೆ ಕಾಣುವುದೂ ಇಲ್ಲ. ರಂಗೋಲಿಯ ಚೀಟಿ ಅಂಟಿಸಿದ ಹೊಸ್ತಿಲುಗಳನ್ನು ನೋಡುವಾಗ, ಬಂದ ಚೆಲುವಿಗಿಂತ ಹೋದ ಚೆಲುವೇ ಹೆಚ್ಚೆಂದು ನಮಗೆ ತೋರುತ್ತದೆ.

ಕಡೆಯದಾಗಿ ಒಂದು ವಿನಂತಿ. ಸಿಮಿಟು ಕಲಸುವ ಮೊದಲು ಕೋಣೆಯ ನಡುವೆ ಸುಣ್ಣದ ದಾರ ಹೊಡೆಸಿ, ಎರಡು ಸಾಲು ಟೈಲ್ಸನ್ನು ಬರಿದೇ ಹಾಸಿ ನೋಡಿರಿ. ಎರಡೂ ಬದಿಯ ತುಂಡುಗಳು ಸಮನಾಗಿರಲಿ, ಬಾಗಿಲಲ್ಲಿ ಇಡಿಯ ಟೈಲ್ಸ್ ಬರಲಿ. ಆಮೇಲೆ ಮನೆಯ ಹಿರಿಯ ಹೆಣ್ಣುಮಗಳನ್ನು ಕರೆದು, ಅದರ ಮೇಲೆ ಕೈಹಿಡಿದು ನಡೆಯಿಸಿ, ಅವರ ಮಾತು ಕೇಳಿರಿ. ಹೊಸದಾಗಿ ಹಾಸಿದ ನೆಲವನ್ನು ನಾಣ್ಯದಿಂದ ಬಡಿದು ನೋಡಿ, ಡೊಳ್ಳೆನ್ನುವುದನ್ನು ಕೀಳಿಸಿ ಮತ್ತೆ ಹಾಕಿಸಿರಿ. ಕೆಳಗೆ ಪೊಳ್ಳಿದ್ದರೆ ಚೀಲದ ಭಾರಕ್ಕೆ ಅದು ಒಡೆಯದೆ ಇರದು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದರು. ನೆಲದ ವಿಷಯದಲ್ಲಿ ನಾವು ಅದನ್ನು ತುಸು ತಿರುಗಿಸಿ ಹೇಳುತ್ತೇವೆ: ಮನೆಯಲ್ಲಿ ನಡೆಯುವ ಕಾಲುಗಳನ್ನು ನೋಡಿ ಹಾಸು ಹಾಸಿರಿ.