ಆಸ್ತಿಯೊಡನೆ ಬಂದ ಅಜ್ಜಿ

ತಂದೆಯ ಆಸ್ತಿಯು ಮಕ್ಕಳಿಗೆ ಬರುವುದೆಂಬುದು ಲೋಕರೂಢಿ. ಆದರೆ ಆಸ್ತಿಯ ಬೆನ್ನಿಗೆ ಇನ್ನೇನೇನು ಬರುವುದೆಂಬುದನ್ನು ಲೋಕವು ಬಹುಮಟ್ಟಿಗೆ ಮರೆತೇ ಇರುತ್ತದೆ. ಆ ಮರೆವನ್ನು ತಿದ್ದತಕ್ಕ ಕೆಲಸವನ್ನು ಹಿಂದೆ ಧರ್ಮಶಾಸ್ತ್ರಗಳು ಮಾಡುತ್ತಿದ್ದುವು. ಈಚೆಗೆ ಕೆಲವು ವೇಳೆ ಹಾಸ್ಯಚಿತ್ರಗಳು ಮಾಡುತ್ತಿವೆ. ಅಂಥದೊಂದು ಚಿತ್ರದ ವಿಚಾರವನ್ನು ಈ ತಿಂಗಳು ವಾಚಕರ ಮುಂದೆ ಇಡಬೇಕೆಂದು ನಮಗೆ ತೋರಿದೆ. ಗುಬ್ಬಿ ವೀರಣ್ಣನವರ ‘ಸದಾರಮೆ’ಯ ಕಳ್ಳನನ್ನು ಕಂಡು ನಕ್ಕ ಸೀಮೆ ನಮ್ಮದು, ನಗೆಯ ಒಳಗೆ ವಿವೇಕವು ಅಡಗಿರಬಹುದೆಂಬುದನ್ನು ಇಲ್ಲಿಯ ಜನಕ್ಕೆ ಬೇರೆಯಾಗಿ ಹೇಳಬೇಕಾದುದಿಲ್ಲ.

ಚಿತ್ರದ ಹೆಸರು ‘ಮೈ ಓಲ್ಡ್ ಲೇಡಿ’. 2014ರಲ್ಲಿ ತೆರೆಗೆ ಬಂದುದು. ಇಸ್ರೇಲ್ ಹೊರೊವಿಟ್ಸ್ ಎಂಬ ನಾಟಕಕಾರರು ತಮ್ಮ ನಾಟಕವನ್ನೇ ತಾವೇ ಚಿತ್ರವಾಗಿ ನಿರ್ದೇಶಿಸಿದರು. ಕಥೆಯಾದರೋ ಸರಳವಾದುದು. ನ್ಯೂಯಾರ್ಕಿನ ಒಬ್ಬ ಮನುಷ್ಯ. ವಯಸ್ಸು ಐವತ್ತು ದಾಟಿದೆ, ಕೈಯಲ್ಲಿ ಕಾಸಿಲ್ಲ, ಹೇಳಿಕೊಳ್ಳತಕ್ಕ ಸಾಧನೆಯೂ ಇಲ್ಲ. ಅವನ ತಂದೆ ತೀರಿಕೊಂಡು, ಪ್ಯಾರಿಸ್ ನಗರದಲ್ಲಿರುವ ಒಂದು ದೊಡ್ಡ ಮನೆಯನ್ನು ಅವನಿಗೆ ಬಿಟ್ಟುಹೋಗಿದ್ದಾನೆ. ಇದ್ದಬದ್ದ ಹಣವನ್ನು ಹಡಗಿನಂತಹ ಆ ಮನೆಯ ಆಸೆಯ ಮೇಲೆ ಸುರಿದು ಇವನು ಸಮುದ್ರ ದಾಟಿ ಬರುತ್ತಾನೆ. ಮನೆಯನ್ನು ಮಾರಿ ಸಾಲ ತೀರಿಸಿ ಸುಖವಾಗಿರಬೇಕೆಂಬುದು ಅವನ ಸಂಕಲ್ಪ. ಬಾಗಿಲು ತೆರೆದು ಒಳಹೊಕ್ಕರೆ, ಅಲ್ಲಿ ತೊಂಬತ್ತೆರಡು ವರ್ಷದ ಮುದುಕಿಯೊಬ್ಬಳು ತನ್ನ ಮಗಳೊಡನೆ ನಿಶ್ಚಿಂತೆಯಾಗಿ ವಾಸವಾಗಿದ್ದಾಳೆ! ಹೊರಡಿರೆನ್ನಲು ಇವನಿಗೆ ಅಧಿಕಾರವಿಲ್ಲ. ಅಷ್ಟು ಮಾತ್ರವೇ ಅಲ್ಲ. ಪ್ರತಿ ತಿಂಗಳೂ 2,400 ಯೂರೋಗಳನ್ನು ಇವನೇ ಆಕೆಗೆ ಸಲ್ಲಿಸಬೇಕು. ಮುದುಕಿಯ ಪಾತ್ರವನ್ನು, 2024ರಲ್ಲಿ ತೀರಿಕೊಂಡ ಮ್ಯಾಗಿ ಸ್ಮಿತ್ ಎಂಬ ಹೆಸರಾಂತ ನಟಿಯೂ, ಮಗನ ಪಾತ್ರವನ್ನು ಕೆವಿನ್ ಕ್ಲೈನ್ ಎಂಬವರೂ ವಹಿಸಿದ್ದಾರೆ.

ಇದು ಕವಿಕಲ್ಪನೆಯೆಂದು ವಾಚಕರು ತಿಳಿಯಬಾರದು. ಫ್ರಾನ್ಸ್ ದೇಶದಲ್ಲಿ ‘ವಿಯಾಜೇ’ ಎಂಬ ಕ್ರಯಪದ್ಧತಿಯೊಂದು ಬಹುಕಾಲದಿಂದ ನಡೆದು ಬಂದಿದೆ. ವೃದ್ಧರಾದವರು ತಮ್ಮ ಮನೆಯನ್ನು ಮಾರುತ್ತಾರೆ. ಕೊಳ್ಳುವವನು ಮೊದಲಲ್ಲಿ ಸ್ವಲ್ಪ ಹಣವನ್ನು ಕೊಟ್ಟು, ಉಳಿದುದನ್ನು ಮಾರಿದವರು ಬದುಕಿರುವವರೆಗೂ ತಿಂಗಳು ತಿಂಗಳು ವರ್ಷಾಶನದಂತೆ ಸಲ್ಲಿಸುತ್ತ ಹೋಗಬೇಕು. ಅಲ್ಲಿಯವರೆಗೆ ಮಾರಿದವರು ಸಾಮಾನ್ಯವಾಗಿ ಆ ಮನೆಯಲ್ಲಿಯೇ ಇರುತ್ತಾರೆ. ಅವರು ಬೇಗ ತೀರಿಕೊಂಡರೆ ಕೊಂಡವನಿಗೆ ಲಾಭ. ದೀರ್ಘಾಯುಗಳಾದರೆ ಅವರಿಗೆ ಲಾಭ. ಕೊಂಡವನು ಮೊದಲು ಸತ್ತರೆ, ಆ ಹೊಣೆಯು ಅವನ ವಾರಸುದಾರರ ಮೇಲೆ ಬೀಳುತ್ತದೆ. ಮಾರಿದವರು ಕ್ರಯದ ಕಾಲದಲ್ಲಿಯೇ ಇದ್ದ ರೋಗದಿಂದ 20 ದಿನಗಳೊಳಗೆ ತೀರಿಕೊಂಡರೆ ಮಾತ್ರ ಒಪ್ಪಂದವು ಅಸಿಂಧುವಾಗುವುದೆಂದು ಅಲ್ಲಿಯ ಕಾನೂನು ಹೇಳುತ್ತದೆ. ಏಕೆಂದರೆ ಸಾಯುವುದು ಖಚಿತವೆಂದು ತಿಳಿದ ಮೇಲೆ ಮಾಡುವುದು ವ್ಯಾಪಾರವಲ್ಲ, ಹದ್ದಿನ ಕಾವಲು.

ಈ ಪದ್ಧತಿಯ ಚರಿತ್ರೆಯಲ್ಲಿ ಚಿತ್ರವನ್ನೂ ಮೀರಿಸುವ ನಿಜಸಂಗತಿಯೊಂದುಂಟು. 1965ರಲ್ಲಿ ಆರ್ಲ್ ಎಂಬ ಊರಿನ ಝಾನ್ ಕಾಲ್ಮಾಂ ಎಂಬ ಮಹಿಳೆ, ತನ್ನ 90ನೆಯ ವಯಸ್ಸಿನಲ್ಲಿ, ತನ್ನ ಮನೆಯನ್ನು ರಾಫ್ರೇ ಎಂಬ ದಸ್ತಾವೇಜು ಅಧಿಕಾರಿಗೆ ಹೀಗೆ ಮಾರಿದಳು. ಆತನಿಗೆ ಆಗ 47 ವರ್ಷ. ತಿಂಗಳಿಗೆ 2,500 ಫ್ರಾಂಕುಗಳು. ಮುದುಕಿ ಇನ್ನೆಷ್ಟು ದಿನ ಇದ್ದಾಳೆಂದು ಯಾರಿಗಾದರೂ ತೋರಬಹುದಾಗಿತ್ತು. ಮೂವತ್ತು ವರ್ಷ ಹಣವನ್ನು ಕಟ್ಟಿ, ಮನೆಯ ಬೆಲೆಯ ಇಮ್ಮಡಿಗಿಂತ ಹೆಚ್ಚು ತೆತ್ತು, 1995ರಲ್ಲಿ 77ನೆಯ ವಯಸ್ಸಿನಲ್ಲಿ ತೀರಿಕೊಂಡವನು ರಾಫ್ರೇ. ಅಜ್ಜಿ ಇನ್ನೂ ಇದ್ದಳು! ಆತನ ವಿಧವೆ ಹಣ ಸಲ್ಲಿಸುವುದನ್ನು ಮುಂದುವರಿಸಿದಳು. 1997ರ ಆಗಸ್ಟಿನಲ್ಲಿ, 122 ವರ್ಷ ತುಂಬಿದ ಮೇಲೆ, ಆ ಅಜ್ಜಿ ಲೋಕದಲ್ಲಿಯೇ ಅತ್ಯಂತ ದೀರ್ಘಾಯು ಎಂಬ ಹೆಸರನ್ನು ಪಡೆದು ಕಣ್ಮುಚ್ಚಿದಳು. ಆಯುಸ್ಸಿನ ಮೇಲೆ ಜೂಜಾಡುವವನು ಯಮನ ಲೆಕ್ಕದ ಪುಸ್ತಕವನ್ನು ನೋಡಿದವನಲ್ಲ.

ಅದಂತಿರಲಿ. ಚಿತ್ರದ ಹಾಸ್ಯವೆಲ್ಲವೂ ಎರಡು ದೇಶಗಳ ನಡತೆ ಒಂದಕ್ಕೊಂದು ತಗುಲುವುದರಿಂದ ಹುಟ್ಟುತ್ತದೆ. ಅಮೆರಿಕದವನಿಗೆ ಮನೆಯೆಂದರೆ ಬೆಲೆ. ಪ್ಯಾರಿಸ್ಸಿನ ಮುದುಕಿಗೆ ಮನೆಯೆಂದರೆ ಬಾಳು. ಅವನು ಕಾನೂನಿನ ಮಾತನ್ನು ಎತ್ತಿದರೆ, ಆಕೆ ಊಟದ ಹೊತ್ತನ್ನು ನೆನಪಿಸುತ್ತಾಳೆ. ತಿಂಗಳ ಹಣವನ್ನು ಕಟ್ಟಲಾರದೆ ಅವನು ಮನೆಯೊಳಗಿನ ಸಾಮಾನುಗಳನ್ನೇ ಒಂದೊಂದಾಗಿ ಮಾರಲು ತೊಡಗುತ್ತಾನೆ. ಆದರೆ ನಗುನಗುತ್ತಲೇ ಕಥೆಯು ಗಂಭೀರವಾಗುತ್ತದೆ. ತಂದೆಗೂ ಈ ಮುದುಕಿಗೂ ಬಹುಕಾಲದ ಪ್ರೇಮಸಂಬಂಧವಿದ್ದಿತೆಂಬುದೂ, ಅದರ ದುಃಖದಲ್ಲಿ ತನ್ನ ತಾಯಿ ಪ್ರಾಣವನ್ನೇ ಕಳೆದುಕೊಂಡಳೆಂಬುದೂ ಹೊರಬೀಳುತ್ತದೆ. ಮನೆಯನ್ನು ಪಡೆಯಲು ಬಂದವನಿಗೆ ತಂದೆಯ ಬಾಳಿನ ಬಾಕಿಯೇ ದೊರೆಯುತ್ತದೆ.

ಈ ಬಾಕಿಯ ವಿಚಾರವು ನಮ್ಮವರಿಗೆ ಹೊಸದಲ್ಲ. ಹಿಂದೂಗಳ ದಾಯವಿಭಾಗಕ್ಕೆ ಭಾರತದ ಬಹುಭಾಗದಲ್ಲಿ ಪ್ರಮಾಣವಾಗಿ ನಿಂತ ಮಿತಾಕ್ಷರೆಯು ನಮ್ಮ ಕನ್ನಡನಾಡಿನಲ್ಲಿಯೇ ಹುಟ್ಟಿದುದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಕಲ್ಯಾಣದಲ್ಲಿ ಆಳುತ್ತಿದ್ದ ಕಾಲದಲ್ಲಿ, ಎಂದರೆ 1076ರಿಂದ ಮುಂದಿನ ಐವತ್ತು ವರ್ಷಗಳಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಆ ವ್ಯಾಖ್ಯಾನವನ್ನು ಬರೆದನು. ಒಡೆಯನೊಡನೆ ಇರುವ ಸಂಬಂಧವೊಂದರಿಂದಲೇ ಮತ್ತೊಬ್ಬನದಾಗುವ ಧನವೇ ದಾಯವೆಂದು ಅವನ ಲಕ್ಷಣ. ಇದರಲ್ಲಿ ಸಂಬಂಧವು ಮೊದಲು, ಧನವು ಆಮೇಲೆ ಎಂಬುದನ್ನು ವಾಚಕರು ಗಮನಿಸಬೇಕು. ಸಂಬಂಧದಿಂದ ಧನವು ಬರುವುದಾದರೆ ಋಣವೂ ಅದೇ ದಾರಿಯಿಂದ ಬರತಕ್ಕದ್ದೇ. ತಂದೆಯ ಸಾಲವನ್ನು ಮಗನು ತೀರಿಸಬೇಕೆಂದು ಸ್ಮೃತಿಕಾರರು ವಿಧಿಸಿದರು. ಆದರೆ ಕುಡಿತಕ್ಕೂ, ಜೂಜಿಗೂ, ಕಾಮಕ್ಕೂ ಮಾಡಿದ ಸಾಲವನ್ನು ಮಗನು ಕೊಡಬೇಕಾದುದಿಲ್ಲವೆಂದು ಯಾಜ್ಞವಲ್ಕ್ಯನು ವಿನಾಯಿತಿಯನ್ನೂ ಇತ್ತನು. ಚಿತ್ರದ ನಾಯಕನು ಯಾಜ್ಞವಲ್ಕ್ಯನ ಬಳಿಗೆ ದೂರು ಒಯ್ದಿದ್ದರೆ ಸ್ವಾರಸ್ಯವಾದ ವ್ಯವಹಾರವೇ ನಡೆಯುತ್ತಿದ್ದಿತು!

2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು, ಅದು ಜಾರಿಗೆ ಬಂದ ಮೇಲೆ ಮಾಡಿದ ಸಾಲಗಳ ಮಟ್ಟಿಗೆ, ಮಗನ ಈ ಧಾರ್ಮಿಕ ಹೊಣೆಯನ್ನು ನ್ಯಾಯಾಲಯವು ಎತ್ತಿಹಿಡಿಯಕೂಡದೆಂದು ವಿಧಿಸಿತು. ಅದೇ ತಿದ್ದುಪಡಿಯು ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲನ್ನು ಕೊಟ್ಟಿತು. ನಮ್ಮ ಕರ್ಣಾಟಕವು ಈ ದಾರಿಯಲ್ಲಿ 1994ರಲ್ಲಿಯೇ ಹೆಜ್ಜೆಯಿಟ್ಟಿತ್ತು. ಎರಡೂ ಒಳ್ಳೆಯ ಮಾತೇ. ಆದರೆ ಸಾಲಪತ್ರದಲ್ಲಿ ಬರೆಯದ ಋಣಗಳನ್ನು ಯಾವ ಶಾಸನವೂ ರದ್ದುಮಾಡಲಾರದು.

ನಮ್ಮ ಕನ್ನಡದಲ್ಲಿಯೇ ಇದಕ್ಕೆ ಜೊತೆಯಾಗಿ ನೋಡತಕ್ಕ ಚಿತ್ರವೊಂದಿದೆ. ರಾಮ್ ರೆಡ್ಡಿಯವರ ‘ತಿಥಿ’, 2016ರಲ್ಲಿ ಬಿಡುಗಡೆಯಾದುದು. ಮಂಡ್ಯ ಸೀಮೆಯ ಹಳ್ಳಿಯೊಂದರಲ್ಲಿ, ನೂರು ದಾಟಿದ ಮುದುಕನು ಸಾಯುತ್ತಾನೆ. ಅವನ ಹಿರಿಯ ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ತಂಟೆಯೂ ಬೇಡ. ಬಯಲಲ್ಲಿ ಅಲೆಯುವುದೇ ಅವನಿಗೆ ಸ್ವರ್ಗ. ಮೊಮ್ಮಗನಿಗಾದರೋ ಐದು ಎಕರೆ ಜಮೀನನ್ನು ಒಡನೆಯೇ ಮಾರಬೇಕು. ಅದಕ್ಕಾಗಿ ಬದುಕಿರುವ ತಂದೆಯನ್ನೇ ಸತ್ತನೆಂದು ಕಾಗದಪತ್ರಗಳಲ್ಲಿ ತೋರಿಸಲು ಹೊರಡುತ್ತಾನೆ. ಪ್ಯಾರಿಸ್ಸಿನಲ್ಲಿ ವಾರಸುದಾರನು ಮುದುಕಿಯ ಸಾವಿಗೆ ಕಾಯುತ್ತಾನೆ. ಮಂಡ್ಯದಲ್ಲಿ ವಾರಸುದಾರನಿಗೆ ಕಾಯುವಷ್ಟೂ ತಾಳ್ಮೆಯಿಲ್ಲ. ನಾಡು ಯಾವುದಾದರೇನು, ಆತುರವು ಒಂದೇ.

ಇನ್ನು ನಮ್ಮ ಮನೆಬಾಗಿಲಿಗೆ ಬರೋಣ. ಪರದೇಶದ ಆಸ್ತಿಯೆಂದರೆ ಪ್ಯಾರಿಸ್ಸಿನ ಮನೆಯೇ ಆಗಬೇಕೆಂದೇನೂ ಇಲ್ಲ. ನಮ್ಮ ಮರಳೂರಿನಲ್ಲಿಯೂ, ಗುಬ್ಬಿ ಕುಣಿಗಲುಗಳಲ್ಲಿಯೂ ಮಕ್ಕಳನ್ನು ಅಮೆರಿಕಕ್ಕೋ ಇಂಗ್ಲೆಂಡಿಗೋ ಕಳುಹಿಸಿ, ತಾವಿಬ್ಬರೇ ಮನೆ ಕಾಯುತ್ತಿರುವ ಗೃಹಸ್ಥರು ಎಷ್ಟು ಮಂದಿಯಿಲ್ಲ! ಅಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗುವಿಗೆ ಮರಳೂರಿನ ಮನೆಯೇ ಸಮುದ್ರದಾಚೆಯ ಆಸ್ತಿ. 1999ರ ವಿದೇಶೀ ವಿನಿಮಯ ಶಾಸನದಂತೆ, ಇಲ್ಲಿ ವಾಸವಾಗಿದ್ದವರಿಂದ ಬಂದ ಸ್ಥಿರಾಸ್ತಿಯನ್ನು ಹೊರದೇಶದಲ್ಲಿರುವ ವಾರಸುದಾರನು ಇಟ್ಟುಕೊಳ್ಳಬಹುದು. ಹೊಲಗದ್ದೆಯನ್ನು ಅವನು ಕೊಳ್ಳುವಂತಿಲ್ಲವಾದರೂ ದಾಯವಾಗಿ ಬಂದರೆ ಪಡೆಯಬಹುದು. ಕಾನೂನಿನ ಬಾಗಿಲು ತೆರೆದೇ ಇದೆ. ಆದರೆ ಆ ಬಾಗಿಲನ್ನು ತೆರೆದು ಒಳಬರುವ ಮೊಮ್ಮಗನಿಗೆ ಅಲ್ಲಿ ಯಾರು ಕಾಣಿಸುತ್ತಾರೆ? ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡು, ಅಣ್ಣನ ಮನೆಯಲ್ಲಿ ಅಡುಗೆ ಮಾಡಿ ಮುದುಕಿಯಾದ ಸೋದರತ್ತೆ. ಹಿತ್ತಿಲಿನ ಕೊಠಡಿಯಲ್ಲಿ ಮೂವತ್ತು ವರ್ಷದಿಂದ ಇರುವ ಕೆಲಸದಾಳು. ತಾತನು ಇವರಿಗೆ ‘ಕೊನೆಯವರೆಗೂ ಇಲ್ಲಿಯೇ ಇರಿ’ ಎಂದು ಬಾಯಿಮಾತಿನಲ್ಲಿ ಹೇಳಿದ್ದನು. ಬಾಯಿಮಾತು ಬಾಯಿಯೊಡನೆಯೇ ಹೋಯಿತು. ಮೊಮ್ಮಗನು ಕೆಟ್ಟವನಲ್ಲ, ಅವನಿಗೆ ತಿಳಿಯದು, ಅಷ್ಟೇ. ಅವನ ರಜೆ ಹತ್ತು ದಿನ; ಕೊಳ್ಳುವವನು ಹಣ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ಚಿತ್ರದ ಅಜ್ಜಿಯ ಕೈಯಲ್ಲಿ ಒಪ್ಪಂದವಿದ್ದಿತು. ನಮ್ಮ ಅಜ್ಜಿಯ ಕೈಯಲ್ಲಿ ಏನಿದೆ?

ಆದಕಾರಣ ಹಿರಿಯರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಉಯಿಲನ್ನು ಬರೆಯುವುದು ಅಮಂಗಳವೆಂಬ ಭಾವನೆಯನ್ನು ಬಿಡಿರಿ. ಇಬ್ಬರು ಸಾಕ್ಷಿಗಳ ಮುಂದೆ ರುಜುಮಾಡಿದ ಉಯಿಲು ಸಾಕು. ನೋಂದಣಿಯು ಕಡ್ಡಾಯವಲ್ಲ, ಆದರೂ ಮಾಡಿಸುವುದು ಲೇಸು. ಮನೆಯನ್ನು ಮಕ್ಕಳಿಗೆ ಬರೆಯುವಾಗಲೇ, ಆಶ್ರಿತರಾದವರು ತಮ್ಮ ಜೀವಮಾನದವರೆಗೆ ಅಲ್ಲಿ ವಾಸಮಾಡತಕ್ಕ ಹಕ್ಕನ್ನೂ ಸ್ಪಷ್ಟವಾಗಿ ಬರೆಯಬಹುದು. ಬದುಕಿರುವಾಗಲೇ ದಾನಪತ್ರವನ್ನು ಮಾಡುವವರು ತಮ್ಮ ಪೋಷಣೆಯ ಷರತ್ತನ್ನು ಅದರೊಳಗೇ ಸೇರಿಸಬೇಕು. ಪಡೆದವನು ಷರತ್ತನ್ನು ಮೀರಿದರೆ ಆ ದಾನವನ್ನು ರದ್ದುಮಾಡಿಸಲು 2007ರ ಹಿರಿಯ ನಾಗರಿಕರ ಪೋಷಣೆಯ ಶಾಸನವು ಅವಕಾಶವಿತ್ತಿದೆ. ಬರೆದುದನ್ನು ಪೆಟ್ಟಿಗೆಯ ತಳದಲ್ಲಿ ಮುಚ್ಚಿಡದೆ, ದೂರದ ಮಕ್ಕಳು ಊರಿಗೆ ಬಂದಾಗ ಕೂರಿಸಿಕೊಂಡು ಹೇಳಬೇಕು: ಈ ಮನೆಯಲ್ಲಿ ಯಾರಿಗೆ ಏನು ಸಲ್ಲಬೇಕು, ಏಕೆ ಸಲ್ಲಬೇಕು ಎಂದು.

ಕಿರಿಯರಿಗೂ ಒಂದು ಮಾತು. ಚಿತ್ರದ ನಾಯಕನು ಕಡೆಗೆ ಮನೆಯನ್ನು ಮಾರುವುದಿಲ್ಲ. ಮಾರಲು ಅವಕಾಶವಿಲ್ಲದೆ ಅಲ್ಲ. ಅಲ್ಲಿರುವವರು ಯಾರೆಂಬುದು ಅವನಿಗೆ ತಿಳಿದುದರಿಂದ. ತಿಳಿಯಲು ಅವನಿಗೆ ಬೇಕಾದುದು ಒಂದೇ ಸೂರಿನ ಕೆಳಗೆ ಕೆಲವು ದಿನಗಳ ವಾಸ, ಅಷ್ಟೇ. ಊರಿಗೆ ಬಂದಾಗ ದಲ್ಲಾಳಿಯನ್ನು ಕಾಣುವ ಮುನ್ನ ಅಜ್ಜಿಯ ಜೊತೆಯಲ್ಲಿ ಕುಳಿತು ಎರಡು ಹೊತ್ತು ಊಟಮಾಡಿರಿ. ಆಮೇಲೆ ಮಾರುವುದಾದರೆ ಮಾರಿರಿ. ಆದರೆ ಆಕೆಗೆ ಇರಲೊಂದು ನೆಲೆಯನ್ನು ಮಾಡಿಕೊಟ್ಟು ಮಾರಿರಿ.