ಬಚ್ಚಲ ನೀರು ಅಡುಗೆಮನೆಗೆ ಬಂದಾಗ

ಸಹೋದರಿಯರೇ, ಹಾನಗಲ್ಲಿನಲ್ಲಿ ನಾವು ಮನೆ ಕಟ್ಟಿಸಿದಾಗ ವುಝೂ ಮಾಡಿದ ನೀರು ಮೋರಿಗೆ ಹೋಗದೆ ಅಡುಗೆಮನೆಯ ಹೊಸ್ತಿಲಿಗೆ ಬರುತ್ತಿತ್ತು. ಗೌಂಡಿ ಕಣ್ಣಳತೆಯಲ್ಲೇ ಕಲ್ಲು ಹಾಸಿದ್ದ. ನಾವೂ ಕೇಳಿರಲಿಲ್ಲ. ಕೊನೆಗೆ ಎಲ್ಲ ಕಿತ್ತು ಮತ್ತೆ ಹಾಕಿಸಬೇಕಾಯಿತು.

ಹೆಂಗಸರಿಗೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ದಿನವೂ ಆ ನೀರನ್ನು ಬಳಿಯುವವರು ಯಾರು?

ಬೇಕಾಗಿರುವುದು ಮೂವತ್ತು ನಲವತ್ತು ಅಡಿ ಉದ್ದದ, ಒಳಗಿನದು ಕಾಣುವಂಥ ಸಣ್ಣ ಪ್ಲಾಸ್ಟಿಕ್ ಪೈಪು. ಎತ್ತರದಲ್ಲಿಟ್ಟ ಬಕೆಟ್ಟಿಗೆ ಒಂದು ತುದಿ ಮುಳುಗಿಸಿ, ಇನ್ನೊಂದರಿಂದ ಎಳೆದು ನೀರು ತುಂಬಿಸಿ. ಬಟ್ಟೆಗೆ ಹಾಕುವ ನೀಲಿ ಎರಡು ಹನಿ ಬೆರೆಸಿದರೆ ಚೆನ್ನಾಗಿ ಕಾಣುತ್ತದೆ. ಒಳಗೆ ಒಂದು ಗುಳ್ಳೆಯೂ ಉಳಿಯಬಾರದು. ಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ. ಮೊದಲು ಎರಡೂ ತುದಿಗಳನ್ನು ಒಟ್ಟಿಗೆ ಹಿಡಿದು ನೋಡಿ, ನೀರು ಸಮವಾಗಿರಬೇಕು.

ಈಗ ಒಂದು ತುದಿ ನಿಮ್ಮ ಕೈಯಲ್ಲಿ, ಇನ್ನೊಂದು ಮಗನ ಕೈಯಲ್ಲಿ. ನಡೆಯುವಾಗ ಹೆಬ್ಬೆರಳಿನಿಂದ ಬಾಯಿ ಮುಚ್ಚಿ, ಅಳೆಯುವಾಗ ಎರಡನ್ನೂ ಬಿಡಿ. ಪೈಪು ಗೋಡೆ ಸುತ್ತಿ ಹೋದರೂ ಸರಿ, ನೀರು ಎರಡೂ ಕಡೆ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಅಲ್ಲಾಡುವುದು ನಿಂತ ಮೇಲೆ ಗೋಡೆಗೆ ಪೆನ್ಸಿಲ್ ಗುರುತು ಹಾಕಿ. ಎರಡೂ ಗುರುತಿನಿಂದ ನೆಲದವರೆಗೆ ಟೇಪು ಹಿಡಿಯಿರಿ. ಅಳತೆ ಹೆಚ್ಚು ಬಂದ ಕಡೆ ನೆಲ ತಗ್ಗು.

ಕೋಣೆಗಳಲ್ಲಿ ಅಳತೆ ಒಂದೇ ಇರಲಿ. ಬಚ್ಚಲಲ್ಲಿ ಮಾತ್ರ ಐದು ಅಡಿಗೆ ಸುಮಾರು ಒಂದು ಇಂಚು ಮೋರಿಯ ಕಡೆ ಇಳಿಯಬೇಕು. ಗೌಂಡಿ ಸಿಮೆಂಟ್ ಕಲಸುವ ಮೊದಲೇ ಈ ಗುರುತುಗಳನ್ನು ತೋರಿಸಿ. ಹಾಸಿದ ದಿನ ಸಂಜೆ ಬರುವುದಾಗಿ ಅವನಿಗೆ ಹೇಳಿಡಿ, ಒಂದು ಚೊಂಬು ನೀರು ಸುರಿದು ನೋಡಲು.